ಮಂಡಿಯೂರುವ ಕಾರು

ಬೆಟ್ಟದ ಮೇಲಿನ ನಮ್ಮೂರು ಐನ್ ಸಫ್ಸಾಫಿನಲ್ಲಿ ಹಿಮ ಬಿದ್ದ ದಿನ ಎಲ್ಲರಿಗಿಂತ ಮೊದಲು ಏಳುವುದು ತಮಾಮಳ ಸಲಿಕೆ. ಇಗರ್ಜಿಯ ಗಂಟೆ ಅದಾದ ಮೇಲೆ. ರಸ್ತೆಯ ಈಚೆ ಬದಿಯ ಮನೆಗಳಲ್ಲಿ ನಾವು ಹಾಸಿಗೆಯಲ್ಲಿ ಮಲಗಿಕೊಂಡೇ ಆ ಸದ್ದಿನಿಂದ ಎಷ್ಟು ಹಿಮ ಬಿದ್ದಿದೆ ಎಂದು ಹೇಳುತ್ತೇವೆ. ಸರ್ ಸರ್ ಎಂದು ಒಂದೇ ಸಮನೆ ಕೇಳಿದರೆ ಒಂದು ಗೇಣು. ಒಮ್ಮೆ ಧಪ್ಪೆಂದು, ನಡುವೆ ಮೌನ, ಮತ್ತೆ ಧಪ್ಪೆಂದರೆ ಮೊಣಕಾಲುದ್ದ. ಆ ಮೌನ ಅವಳು ಸೊಂಟ ನೆಟ್ಟಗೆ ಮಾಡಿಕೊಳ್ಳುವ ಹೊತ್ತು.

ಅವಳ ಮನೆ ರಸ್ತೆಗಿಂತ ಕೆಳಗಿದೆ. ಅಂಗಳದಿಂದ ರಸ್ತೆಗೆ ನಲವತ್ತು ಹೆಜ್ಜೆಯ ಕಡಿದಾದ ಸಿಮೆಂಟಿನ ಏರು. ತಮಾಮಳ ಗಂಡ ಗತ್ತಾಸನ ತಂದೆ ಕತ್ತೆ ಸಾಕಿದ್ದ ಕಾಲದಲ್ಲಿ ಮಾಡಿಸಿದ ದಾರಿ ಅದು. ಏರು ಮುಗಿದು ರಸ್ತೆ ಸಿಗುವಲ್ಲಿ ಒಂದು ಚೂಪಾದ ದಿಣ್ಣೆ ಇದೆ. ಕತ್ತೆಗೆ ಹೊಟ್ಟೆ ಉಜ್ಜುವ ಭಯವಿರಲಿಲ್ಲ. ಕಾರಿಗಿದೆ.

ಆ ಕಾರನ್ನು ಗತ್ತಾಸ್ ಒಂಬತ್ತು ವರ್ಷಗಳ ಹಿಂದೆ ಬೈರೂತಿನ ಬಂದರಿನಲ್ಲಿ ಕೊಂಡ. ಜರ್ಮನಿಯಲ್ಲಿ ಯಾರೋ ಓಡಿಸಿ ಬಿಟ್ಟ ದೊಡ್ಡ ಕಪ್ಪು ಜೀಪು. ಬೇರೆ ಗಾಡಿಗಳ ಹಾಗೆ ಉಕ್ಕಿನ ಸ್ಪ್ರಿಂಗಿನ ಮೇಲಲ್ಲ, ನಾಲ್ಕು ರಬ್ಬರಿನ ಗಾಳಿಚೀಲಗಳ ಮೇಲೆ ಅದು ನಿಲ್ಲುತ್ತದೆ. ಒಂದು ಗುಂಡಿ ಒತ್ತಿದರೆ ಉಸಿರೆಳೆದುಕೊಂಡಂತೆ ಒಂದು ಗೇಣು ಏಳುತ್ತದೆ. ಇನ್ನೊಂದು ಒತ್ತಿದರೆ, ಮುದುಕಿಯರು ಹತ್ತಲು ಸುಲಭವಾಗಲೆಂದು ನೆಲದತ್ತ ಇಳಿಯುತ್ತದೆ. ಗತ್ತಾಸನ ತಾಯಿ ಮಂತೂರಾ ಇಗರ್ಜಿಯ ಬಾಗಿಲಲ್ಲಿ ಕಾರಿಳಿಯುವಾಗ ಊರೆಲ್ಲ ನೋಡುತ್ತಿತ್ತು. ಗತ್ತಾಸನ ಕಾರು ಮಂಡಿಯೂರುತ್ತೆ, ಗತ್ತಾಸನ ಮಂಡಿ ಮಾತ್ರ ಹುಟ್ಟಿದಾಗಿನಿಂದ ಹಾಗೇ ನೆಟ್ಟಗಿದೆ ಎಂದು ಪಾದ್ರಿಯೂ ನಗುತ್ತಿದ್ದರು.

ಇಂಥ ಗಾಡಿ ಸಮುದ್ರದ ಕಡೆಯವರಿಗೆ ಸರಿ. ನಮ್ಮ ಎತ್ತರದಲ್ಲಿ ಅದಕ್ಕೆ ಬಾಣಂತಿಯ ಆರೈಕೆ ಬೇಕು. ಅದನ್ನು ತಮಾಮಳಿಗೆ ಕಲಿಸಿದವನು ಬೈರೂತಿನ ಪಕ್ಕದ ಬೂರ್ಜ್ ಹಮ್ಮೂದಿನ ಕಾರು ರಿಪೇರಿ ಮೇಸ್ತ್ರಿ ವರ್ತಾನ್. ಗತ್ತಾಸನಿಗೇ ಹೇಳಬೇಕೆಂದಿದ್ದ. ಗತ್ತಾಸ್ ಅಂಗಡಿಯ ಹೊರಗೆ ಫೋನಿನಲ್ಲಿದ್ದ, ತಮಾಮ್ ಒಳಗೆ ನಿಂತಿದ್ದಳು. ಪ್ರತಿ ಚಕ್ರದ ಹಿಂದೆಯೂ ಕಿರುಬೆರಳಿನ ಗಾತ್ರದ ಒಂದು ಕಡ್ಡಿ ಇದೆ, ಕಾರಿಗೆ ತನ್ನ ಎತ್ತರ ಗೊತ್ತಾಗುವುದು ಅದರಿಂದ, ಅದರ ಮೇಲೆ ಮಂಜು ಹೆಪ್ಪುಗಟ್ಟಿದರೆ ಕಾರಿಗೆ ಬುದ್ಧಿ ಕೆಡುತ್ತದೆ ಎಂದ ವರ್ತಾನ್. ನೆಲದಲ್ಲಿ ಕೂತಿದ್ದರೂ ತಾನು ಬಹಳ ಎತ್ತರದಲ್ಲಿದ್ದೇನೆ ಅಂದುಕೊಳ್ಳುತ್ತದೆ, ಅಂಥ ಗಂಡಸರನ್ನು ನೀನು ನೋಡಿರಬಹುದು ಎಂದ. ಏರಿಸುವ ಮೊದಲು ನಾಲ್ಕೂ ಕಡ್ಡಿ, ನಾಲ್ಕೂ ಚೀಲದ ಮಡಿಕೆ ಒರೆಸಬೇಕು. ಬಿಸಿನೀರು ಹಾಕಬಾರದು, ಮತ್ತೆ ಹೆಪ್ಪುಗಟ್ಟುತ್ತದೆ. ಚಾಕು ತಾಗಿಸಬಾರದು, ರಬ್ಬರು ಸೀಳುತ್ತದೆ. ಗಾಳಿ ತುಂಬುವ ಯಂತ್ರಕ್ಕೆ ದಮ್ಮು ಕಮ್ಮಿ, ಅದನ್ನು ಸುಸ್ತು ಮಾಡಬಾರದು. ಕೊನೆಯದನ್ನು ಅವನು ಅವಳ ಕೈ ನೋಡುತ್ತ ಹೇಳಿದ. ಇಂಜಿನ್ ನಡೆಯುವಾಗ ಚಕ್ರದ ಗೂಡಿನೊಳಗೆ ಕೈ ಹಾಕುವುದೇ ತಪ್ಪು. ಹಾಕಲೇಬೇಕಾಗಿ ಬಂದರೆ ಒಂದು ಬಾಗಿಲು ತೆರೆದಿರಲಿ. ಬಾಗಿಲು ತೆರೆದಿರುವಷ್ಟು ಹೊತ್ತು ಈ ಗಾಡಿ ಏಳುವುದಿಲ್ಲ, ಇಳಿಯುವುದೂ ಇಲ್ಲ.

ಅಂದಿನಿಂದ ಅವಳ ಚಳಿಗಾಲಕ್ಕೆ ಒಂದು ಕ್ರಮ ಬಂತು. ಐದಕ್ಕೆ ಎದ್ದು ಒಲೆಯ ಬೂದಿ ತೆಗೆದು, ಬಕೆಟ್ಟಿಗೆ ತುಂಬಿ, ಒಲೆಗೆ ಹೊಸ ಸೌದೆ ಇಟ್ಟು ಹೊರಗೆ ಬರುವುದು. ಏರಿನ ಹಿಮ ಬಳಿದು, ಚಕ್ರ ಹೋಗುವ ಎರಡು ಗೆರೆಗಳ ಮೇಲೆ ಬೂದಿ ಚೆಲ್ಲುವುದು. ಆಮೇಲೆ ಗೋಣಿಚೀಲ ಹಾಸಿಕೊಂಡು ಕಾರಿನ ಪಕ್ಕ ಮಲಗಿ, ಬಣ್ಣ ಬಳಿಯುವ ಬ್ರಷ್ಷಿನಿಂದ ಹಿಮ ಕೊಡವಿ, ಮರದ ಚಮಚದಿಂದ ಮಂಜುಗಡ್ಡೆ ಬಿಡಿಸುವುದು. ಆ ಚಮಚ ಗೋಧಿ ಗಂಜಿ ತಿರುವುವುದಾಗಿತ್ತು. ಅಡುಗೆಮನೆಗೆ ಬೇರೆ ತಂದಳು. ಒಳಗೆ ಬಂದು ಅತ್ತೆಯ ಕಾಲಿಗೆ ಬಿಸಿನೀರು, ಗಂಡನಿಗೆ ಏಲಕ್ಕಿ ಹಾಕಿದ ಕಾಫಿ, ಮೊಸರಿನ ಗಟ್ಟಿ, ರೊಟ್ಟಿ. ಎಂಟಕ್ಕೆ ಗತ್ತಾಸ್ ಕಾರಿನಲ್ಲಿ ಕೂತು ಗುಂಡಿ ಒತ್ತುತ್ತಿದ್ದ. ಅವಳು ಏರಿನಲ್ಲಿ ಹಿಂದುಹಿಂದಕ್ಕೆ ನಡೆಯುತ್ತ, ಬಗ್ಗಿ ಕಾರಿನ ಹೊಟ್ಟೆ ನೋಡುತ್ತ, ಬಲ, ಎಡ, ನಿಲ್ಲು, ಬಾ ಎಂದು ಕೈ ಆಡಿಸುತ್ತಿದ್ದಳು. ದಿಣ್ಣೆ ದಾಟಿದ ಮೇಲೆ ಅವನು ನಿಲ್ಲಿಸದೆ ಹೋಗುತ್ತಿದ್ದ. ಅವಳು ಸಲಿಕೆ ಎತ್ತಿಕೊಂಡು ಕೆಳಗಿಳಿಯುತ್ತಿದ್ದಳು.

ಹೋಟೆಲಿನಲ್ಲಿ ಗತ್ತಾಸ್ ಇದನ್ನೇ ಪಾಠವಾಗಿ ಹೇಳುತ್ತಿದ್ದ. ಬಿಸಿನೀರು ಹಾಕೋದು ಮೂರ್ಖತನ, ರಬ್ಬರಿಗೆ ಮರದ ಚಮಚಾನೇ ಬೇಕು, ನಾನಂತೂ ಕಡ್ಡಿ ಒರೆಸದೆ ಗುಂಡಿ ಮುಟ್ಟಲ್ಲ ಎನ್ನುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು. ಅವರಲ್ಲಿ ಅರ್ಧ ಜನ ಅದೇ ಬೆಳಿಗ್ಗೆ ಗೋಣಿಚೀಲದ ಮೇಲೆ ಮಲಗಿದ್ದವಳನ್ನು ಕಂಡು, ಶುಭದಿನ ಹೇಳಿ ಬಂದವರು.

ಗತ್ತಾಸ್, ತಮಾಮ್ ದಂಪತಿಗೆ ಒಬ್ಬಳೇ ಮಗಳು, ಯೋಲಾ. ಕೆಳಗೆ ಸಮುದ್ರದ ದಡದ ಜೂನಿಯೆ ಪಟ್ಟಣದಲ್ಲಿ ಇದ್ದಾಳೆ. ಗಂಡ ಹಡಗಿನ ಅಡುಗೆಯವನು, ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ಅವಳಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಗಿತ್ತು. ಎರಡನೆಯದು ಏಳು ತಿಂಗಳಿಗೆ. ಆಗಲೂ ಗಂಡ ಸಮುದ್ರದಲ್ಲಿದ್ದ. ಅವಳನ್ನು ಗಾಲಿಮಂಚದಲ್ಲಿ ಒಳಗೆ ತಳ್ಳಿಕೊಂಡು ಹೋದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಮೂರನೆಯದು ಉಳಿದಿತ್ತು. ಫೆಬ್ರವರಿಯ ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊಟ್ಟೆ ಕೊಯ್ದು ತೆಗೆಯುವುದೆಂದು ಡಾಕ್ಟರು ಗೊತ್ತುಮಾಡಿದ್ದರು. ಯೋಲಾ ತಾಯಿಗೆ ಒಂದೇ ಮಾತು ಹೇಳಿದ್ದಳು. ಒಳಗೆ ಕರ್ಕೊಂಡು ಹೋಗೋ ತನಕ ನೀನು ಕೈ ಹಿಡ್ಕೊಂಡಿರು, ಆಮೇಲೆ ಏನಾದರೂ ಆಗಲಿ.

ಸೋಮವಾರ ಕೆಳಗಿನ ಊರಿನ, ಎಲ್ಲರೂ ಬೇ ಎಂದು ಕರೆಯುವ ಜಮೀನ್ದಾರರ ತಾಯಿ ತೀರಿಕೊಂಡರು. ನಮ್ಮ ಕಡೆ ಮದುವೆಗೆ ಹೋಗದಿದ್ದರೆ ಕ್ಷಮಿಸುತ್ತಾರೆ, ಸಾವಿಗೆ ಮುಖ ತೋರಿಸದಿದ್ದರೆ ಮೊಮ್ಮಕ್ಕಳ ಕಾಲದವರೆಗೆ ನೆನಪಿಟ್ಟುಕೊಳ್ಳುತ್ತಾರೆ. ಅದರಲ್ಲೂ ಬೇ ಮನೆ. ಬುಧವಾರ ಸಂತಾಪದ ಕೊನೆಯ ದಿನ. ತಮಾಮ್ ಮಂಗಳವಾರವೇ ಮಿನಿಬಸ್ಸಿನಲ್ಲಿ ಮಗಳ ಮನೆಗೆ ಇಳಿಯುತ್ತೇನೆಂದು ಬಟ್ಟೆ ಕಟ್ಟಿಕೊಂಡಿದ್ದಳು. ಗತ್ತಾಸ್ ಕೇಳಿದ್ದು, ಹಿಮ ಬೀಳುತ್ತೆ ಅಂತಿದ್ದಾರೆ, ನೀನು ಹೋದರೆ ಬುಧವಾರ ಕಾರು ಮೇಲೆ ಬರೋದು ಹೇಗೆ ಎಂದು. ಮಂತೂರಾ, ನನ್ನನ್ನು ಬೇ ಮನೆಗೆ ಹೊತ್ಕೊಂಡು ಹೋಗ್ತಾರಾ ಎಂದಳು. ಕೊನೆಗೆ ಗತ್ತಾಸ್ ಮಾತು ಕೊಟ್ಟ. ಬುಧವಾರ ಏಳೂವರೆಗೆ ಹೊರಡೋಣ, ಮೊದಲು ನಿನ್ನನ್ನು ಜೂನಿಯೆಯಲ್ಲಿ ಬಿಡ್ತೀನಿ, ವಾಪಸು ಬರುವಾಗ ಬೇ ಮನೆ. ತಮಾಮ್ ಬಟ್ಟೆಯ ಗಂಟು ಬಿಚ್ಚಿ, ಅಂಗಿಯೊಂದನ್ನು ತೆಗೆದು, ಮತ್ತೆ ಕಟ್ಟಿಟ್ಟಳು.

ಬುಧವಾರ ಸಲಿಕೆಯ ಸದ್ದು ನಾಲ್ಕಕ್ಕೇ ಕೇಳಿಸಿತು. ಧಪ್ಪೆಂದು, ಮೌನ, ಧಪ್ಪೆಂದು. ಮೊಣಕಾಲಿಗಿಂತ ಮೇಲೆ. ಏಳಕ್ಕೆ ಏರು ತೆರವಾಗಿತ್ತು, ಕಾರು ಸಿದ್ಧವಾಗಿತ್ತು. ಗತ್ತಾಸ್ ಏಳೂವರೆಗೆ ಮುಖ ಕ್ಷೌರ ಮಾಡಿಕೊಳ್ಳಲು ಕೂತ. ಬೇ ಮನೆಗೆ ಹೋಗುವವನು. ಎಂಟೂ ಹತ್ತಕ್ಕೆ ಹೊರಬಂದ. ಅಷ್ಟರಲ್ಲಿ ಮಂತೂರಾಳೂ ಕಪ್ಪು ಉಡುಪು ಹಾಕಿಕೊಂಡು ನಿಂತಿದ್ದಳು. ಜೂನಿಯೆಗೆ ಹೋಗಿ ವಾಪಸು ಬಂದು ನನ್ನನ್ನು ಕರೆದುಕೊಂಡು ಹೋಗೋದೆಲ್ಲ ಯಾಕೆ, ಈಗಲೇ ಬರ್ತೀನಿ ಎಂದಳು. ತಮಾಮ್ ಹಿಂದುಹಿಂದಕ್ಕೆ ನಡೆದು ಕಾರನ್ನು ರಸ್ತೆಗೆ ಹತ್ತಿಸಿದಳು. ಆಮೇಲೆ ಕೆಳಗಿಳಿದು ಅತ್ತೆಯನ್ನು ತೋಳಿನಲ್ಲಿ ಹಿಡಿದು ಹತ್ತಿಸಿಕೊಂಡು ಬಂದಳು. ಗತ್ತಾಸ್ ಗುಂಡಿ ಒತ್ತಿದ. ಕಾರು ಮಂಡಿಯೂರಿತು. ಮಂತೂರಾ ಮುಂದಿನ ಸೀಟಿನಲ್ಲಿ ಕೂತಳು. ಗತ್ತಾಸ್ ಇನ್ನೊಂದು ಗುಂಡಿ ಒತ್ತಿದ. ಮೂರು ಚಕ್ರದ ಮೇಲೆ ಕಾರು ಎದ್ದಿತು. ಹಿಂದಿನ ಎಡಮೂಲೆ ಏಳಲಿಲ್ಲ.

ಏರು ಹತ್ತುವಾಗ ಚಕ್ರ ಎರಚಿದ ಹಿಮ ಆ ಕಡ್ಡಿಗೆ ಮೆತ್ತಿಕೊಂಡಿತ್ತು. ಹಾಗೇ ಹೋದರೆ ಮೊದಲ ತಿರುವಿನಲ್ಲೇ ಹೊಟ್ಟೆ ಕಲ್ಲಿಗೆ ತಾಗುತ್ತದೆ. ಇಂಜಿನ್ ಆರಿಸಿದರೆ ಉಳಿದ ಮೂರೂ ಕೂತುಬಿಡಬಹುದು. ತಮಾಮಳಿಗೆ ಹೊತ್ತಿನ ಭಯ. ಗಂಡನಿಗೆ, ನಿನ್ನ ಬಾಗಿಲು ತೆಗೆದಿಡು, ನಾನು ಹೇಳೋ ತನಕ ಮುಚ್ಚಬೇಡ ಎಂದು ಹೇಳಿ, ಹಿಂದಿನ ಚಕ್ರದ ಪಕ್ಕ ಮಂಡಿಯೂರಿ, ಬಲಗೈಯನ್ನು ಗೂಡಿನೊಳಗೆ ತೂರಿಸಿದಳು. ಗತ್ತಾಸ್ ಬಾಗಿಲು ತೆಗೆದಿಟ್ಟುಕೊಂಡು ಫೋನಿನಲ್ಲಿ ಬೇ ಮನೆಗೆ ಯಾರು ಯಾರು ಬಂದಿದ್ದಾರೆಂದು ವಿಚಾರಿಸುತ್ತಿದ್ದ. ಎರಡು ನಿಮಿಷವಾಗಿರಬಹುದು. ಮಂತೂರಾ, ಎದೆಗೆ ಗಾಳಿ ಹೊಡೀತಿದೆ, ಬಾಗಿಲು ಹಾಕೋ ಎಂದಳು. ಅವನು ಮಾತು ನಿಲ್ಲಿಸದೆ ಬಾಗಿಲು ಎಳೆದುಕೊಂಡ.

ನಿಟ್ಟುಸಿರಿನಂಥ ಒಂದು ಸದ್ದಾಯಿತು. ತಾನು ಬಹಳ ಎತ್ತರದಲ್ಲಿದ್ದೇನೆ ಅಂದುಕೊಂಡ ಆ ಮೂಲೆ ನಾಲ್ಕು ಬೆರಳಿನಷ್ಟು ಕೆಳಗೆ ಬಂತು.

ತಮಾಮ್ ಕೂಗಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳು ಇನ್ನೂ ಒರೆಸುತ್ತಿದ್ದಾಳೆ ಅಂದುಕೊಂಡೆ. ಅವಳ ಹಣೆ ಕಾರಿನ ಬದಿಗೆ ಒರಗಿತ್ತು. ಅವಳು ಗಂಡನ ಹೆಸರು ಕರೆದದ್ದು ಎರಡನೆಯ ಸಲಕ್ಕೆ ಅವನಿಗೆ ಕೇಳಿಸಿತು. ಅವನು ಇಳಿದು ನೋಡಿ, ಗಾಬರಿಯಾಗಿ, ಮಾಡಬಾರದ್ದನ್ನೇ ಮಾಡಿದ. ಇಂಜಿನ್ ಆರಿಸಿದ.

"ಇಂಜಿನ್ ಹಾಕು," ಎಂದಳು ತಮಾಮ್. "ಹಾಕ್ದ್ಯಾ? ಈಗ ಒಳಗೆ ಕೂತು ಬಾಗಿಲು ಮುಚ್ಚು. ಮೇಲಿನ ಗುಂಡಿ. ಅದಲ್ಲ, ಬಾಣ ಮೇಲಕ್ಕಿರೋದು. ಒತ್ತಿ ಹಿಡ್ಕೊಂಡೇ ಇರು, ನಾನು ಇಲ್ಲಿ ಬಿಡಿಸ್ತೀನಿ."

ಹೀಗೆ ಹೇಳಿ, ಎಡಗೈಯಲ್ಲಿ ಚಮಚ ಹಿಡಿದು, ಕಡ್ಡಿಗೆ ಅಂಟಿದ್ದ ಮಂಜುಗಡ್ಡೆಯನ್ನು ಕುಟ್ಟಿ ಕುಟ್ಟಿ ತಾನೇ ಒಡೆದಳು. ಕಾರಿಗೆ ಬುದ್ಧಿ ಬಂತು, ಎದ್ದಿತು. ಕೈ ಹೊರಗೆ ಬಂತು. ತೋರುಬೆರಳು, ನಡುಬೆರಳು ಬೆರಳಿನ ಆಕಾರದಲ್ಲಿರಲಿಲ್ಲ.

ನಾನು ಕೋಟು ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಅವಳು ತಲೆಬಟ್ಟೆ ಬಿಚ್ಚಿ ಕೈಗೆ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಕಾರು ಹೊರಟಿತು. ಮುಂದಿನದೆಲ್ಲ ಅವಳೇ ನನಗೆ ಹೇಳಿದ್ದು.

ಕಾರಿನಲ್ಲಿ ಗತ್ತಾಸ್ ಮೊದಲು ಆಡಿದ ಮಾತು, ಕೈ ಯಾಕೆ ಅಷ್ಟು ಹೊತ್ತು ಒಳಗಿಟ್ಕೊಂಡಿದ್ದೆ ಎಂದು. ಮಂತೂರಾ ಹಿಂದೆ ತಿರುಗಿ, ಸೀಟಿಗೆ ರಕ್ತ ತಾಗದ ಹಾಗೆ ನೋಡ್ಕೋ, ಬೇ ಮನೆ ಮುಂದೆ ನಿಲ್ಲಬೇಕಾದ ಗಾಡಿ ಎಂದಳು. ಆಗ ತಮಾಮಳಿಗೆ ಗೊತ್ತಾಯಿತು, ಮೊದಲು ಬೇ ಮನೆ ಎಂದು. ಗತ್ತಾಸ್ ಅದನ್ನು ಬಿಡಿಸಿ ಹೇಳಿದ. ದಾರಿಯಲ್ಲೇ ಇದೆ. ಇಷ್ಟು ದೊಡ್ಡ ಕಾರು ಅವರ ಗೇಟಿನ ಮುಂದೆ ನಿಲ್ಲದೆ ಹಾದುಹೋದರೆ ಊರಿಗೆಲ್ಲ ಕಾಣುತ್ತೆ. ಹತ್ತು ನಿಮಿಷ. ಹೇಗೂ ಆಸ್ಪತ್ರೆಗೇ ಹೋಗ್ತಿದ್ದೀವಿ, ನಿನ್ನ ಕೈಯನ್ನೂ ಅಲ್ಲೇ ತೋರಿಸಬಹುದು. ಒಂದೇ ಓಡಾಟದಲ್ಲಿ ಎರಡು ಕೆಲಸ ಎಂದ. ಹಾಗೆ ಹೇಳುವಾಗ ಅವನ ದನಿಯಲ್ಲಿ ಮನೆ ನಡೆಸುವವನ ಜಾಣತನವಿತ್ತು.

ಬೇ ಮನೆಯ ಗೇಟಿನಿಂದ ಅಂಗಳಕ್ಕೆ ಕಲ್ಲು ಹಾಸಿದ ಕಡಿದಾದ ಇಳಿಜಾರು. ಗತ್ತಾಸ್ ಅದರ ನಡುವೆ ಕಾರು ನಿಲ್ಲಿಸಿದ, ಎಲ್ಲರಿಗೂ ಕಾಣುವಂತೆ. ಸಾವಿನ ಮನೆಗೆ ರಕ್ತ ಹಿಡ್ಕೊಂಡು ಬರಬೇಡ ಎಂದು ಮಂತೂರಾ ಸೊಸೆಯನ್ನು ಕಾರಿನಲ್ಲೇ ಬಿಟ್ಟು, ಹೆಂಗಸರ ಕೋಣೆಗೆ ಹೋದಳು. ಗತ್ತಾಸ್ ಗಂಡಸರ ಕೋಣೆಗೆ ಹೋಗಿ ಸಕ್ಕರೆಯಿಲ್ಲದ ಕಾಫಿ ಕುಡಿದ. ಹತ್ತು ನಿಮಿಷ ಮೂವತ್ತೈದಾಯಿತು. ತಮಾಮ್ ಕೈಯನ್ನು ಮುಖದ ಎತ್ತರಕ್ಕೆ ಹಿಡಿದುಕೊಂಡು ಕೂತಿದ್ದಳು, ಇಳಿಸಿದರೆ ಮಿಡಿಯುತ್ತಿತ್ತು. ಎದುರಿನ ಗಡಿಯಾರ ನೋಡುತ್ತಿದ್ದಳು. ಒಂಬತ್ತೂವರೆ. ಇಲ್ಲಿಂದ ಜೂನಿಯೆಗೆ ಒಳ್ಳೆಯ ದಿನ ಮುಕ್ಕಾಲು ಗಂಟೆ, ಹಿಮದಲ್ಲಿ ಒಂದೂಕಾಲು.

ಗತ್ತಾಸ್ ಬಂದ, ಒಬ್ಬನೇ ಅಲ್ಲ. ಸಿಗರೇಟು ಸೇದಲು ಹೊರಬಂದ ಏಳೆಂಟು ಗಂಡಸರು, ಅವರ ನಡುವೆ ಬೇ ಅವರ ಅಳಿಯ. ಇದೇನಾ ಆ ಮಂಡಿಯೂರೋ ಕಾರು, ನಾನು ನೋಡೇ ಇಲ್ಲ ಎಂದ ಅಳಿಯ. ಗತ್ತಾಸ್ ಒಳಗೆ ಕೂತು ಇಂಜಿನ್ ಹಾಕಿದ. ಕಾರು ಇಳಿಯಿತು. ಏರಿತು. ಹಿಂದಿನ ಸೀಟಿನಲ್ಲಿ ಯಾರೋ ಹೆಂಗಸು ಇದ್ದಾಳೆಂದು ಕಂಡವರು ಶಿಷ್ಟತೆಯಿಂದ ಬೇರೆ ಕಡೆ ನೋಡಿದರು. ಮತ್ತೆ ಇಳಿಸಿದ, ಮತ್ತೆ ಏರಿಸಿದ.

"ಗತ್ತಾಸ್, ಗಾಳಿ ಯಂತ್ರ ಬಿಸಿಯಾಗುತ್ತೆ," ಎಂದಳು ತಮಾಮ್ ಮೆಲ್ಲಗೆ. "ಸಾಕು, ಹೊರಡೋಣ."

ಅವನು ಕಿಟಕಿಯಾಚೆಯವರಿಗೆ ಕೇಳುವಂತೆ, "ಹೆಂಗಸರಿಗೆ ಗುಂಡಿ ಕಂಡರೆ ಭಯ," ಎಂದ. ಸಾವಿನ ಮನೆಯಲ್ಲಿ ನಗಬಹುದಾದಷ್ಟು ಎಲ್ಲರೂ ನಕ್ಕರು.

ಐದನೆಯ ಸಲ ಇಳಿದ ಕಾರು ಏಳಲಿಲ್ಲ. ಕೆಂಪು ದೀಪ ಹತ್ತಿಕೊಂಡಿತು. ಅರ್ಧ ಗಂಟೆ ಮುಟ್ಟಬೇಡ, ತಣ್ಣಗಾದರೆ ತಾನೇ ಏಳುತ್ತೆ ಎಂದಳು ತಮಾಮ್. ಗತ್ತಾಸ್ ಒತ್ತಿದ. ಮತ್ತೆ ಒತ್ತಿದ. ಬೇ ಅವರ ಅಳಿಯ ನೋಡುತ್ತ ನಿಂತಿರುವಾಗ ಸುಮ್ಮನಿರುವುದು ಅವನಿಂದ ಆಗಲಿಲ್ಲ. ರಬ್ಬರು ಸುಟ್ಟ ವಾಸನೆ ಬಂತು. ಕಾರು ಕಲ್ಲಿನ ಮೇಲೆ ಹೊಟ್ಟೆ ಊರಿ, ಗೇಟನ್ನು ಅಡ್ಡಗಟ್ಟಿಕೊಂಡು ಕೂತುಬಿಟ್ಟಿತು. ಹಿಂದೆ ಮುಂದೆ ಯಾವ ಗಾಡಿಯೂ ಆಡುವಂತಿರಲಿಲ್ಲ.

ತಮಾಮ್ ಎಡಗೈಯಲ್ಲಿ ಬಾಗಿಲು ತೆರೆದು ಇಳಿದಳು. ಎಲ್ಲಿಗೆ ಎಂದ ಗತ್ತಾಸ್. ಮಗಳ ಹತ್ರ ಎಂದಳು. ಇಷ್ಟು ಜನರ ಮುಂದೆ ಮಾನ ತೆಗೀಬೇಡ, ಕೂತ್ಕೋ ಎಂದ ಅವನು ಹಲ್ಲು ಕಚ್ಚಿ. ಅವಳು ಗಂಡಸರ ನಡುವೆ ಹಾದು, ಗೇಟು ದಾಟಿ, ರಸ್ತೆಗೆ ಬಂದಳು. ಚೀಲ ಕಾರಿನಲ್ಲೇ ಉಳಿಯಿತು, ಚೀಲದಲ್ಲಿ ಫೋನು. ವಾಪಸು ಹೋಗಿ ತರಬಹುದಿತ್ತು. ಹೋದರೆ ಕೂರಿಸುತ್ತಾರೆಂದು ಹೋಗಲಿಲ್ಲ.

ಕಾಲು ಗಂಟೆ ನಡೆದ ಮೇಲೆ ಹಿಮ ತೆಗೆಯುವ ಯಂತ್ರ ಬಂತು. ಓಡಿಸುವ ತನ್ನೂಸ್ ನಮ್ಮೂರಿನವನೇ. ಅವಳ ಕೈ ನೋಡಿ ಏನೂ ಕೇಳದೆ ಪಕ್ಕಕ್ಕೆ ಹತ್ತಿಸಿಕೊಂಡ. ಆ ಯಂತ್ರ ಎತ್ತಿನಗಾಡಿಯ ವೇಗದಲ್ಲಿ ಹೋಗುತ್ತದೆ, ಅದರಲ್ಲಿ ಕೂತವರು ಎರಡಾಳು ಎತ್ತರದಲ್ಲಿರುತ್ತಾರೆ. ಮಗಳಿಗೆ ಫೋನು ಮಾಡು ಎಂದು ತನ್ನೂಸ್ ತನ್ನದನ್ನು ಕೊಟ್ಟ. ಯೋಲಾಳ ನಂಬರು ಅವಳಿಗೆ ಬಾಯಿಗೆ ಬರುತ್ತಿರಲಿಲ್ಲ. ಮೂರು ಅಂಕಿ ಒತ್ತಿ ವಾಪಸು ಕೊಟ್ಟಳು. ಹತ್ತೂ ಕಾಲಿಗೆ ಹಿಂದಿನಿಂದ ಒಂದು ಬಿಳಿ ಕಾರು ಹಾರನ್ ಹಾಕುತ್ತ ಬಂತು. ಬೇ ಅವರ ಮನೆಯ ಹಿಂದಿನ ತೋಟದ ಗೇಟಿನಿಂದ ಹೊರಟ ಅವರದೇ ಗಾಡಿ. ತನ್ನೂಸ್ ಬದಿಗೆ ಸರಿದು ದಾರಿ ಕೊಟ್ಟ. ಮೇಲಿನಿಂದ ತಮಾಮಳಿಗೆ ಕಂಡದ್ದು ಮುಂದಿನ ಸೀಟಿನಲ್ಲಿ ಅತ್ತೆಯ ಕಪ್ಪು ತಲೆಬಟ್ಟೆ, ಹಿಂದಿನ ಸೀಟಿನಲ್ಲಿ ಕಿವಿಗೆ ಫೋನು ಹಿಡಿದ ಗತ್ತಾಸ್. ಅವನ ಪಕ್ಕದ ಜಾಗ ಖಾಲಿ. ಅವಳು ಎಡಗೈಯಿಂದ ಗಾಜು ಬಡಿದಳು. ತನ್ನೂಸ್ ಹಾರನ್ ಒತ್ತಿದ. ದಾರಿ ಬಿಟ್ಟದ್ದಕ್ಕೆ ಅಂದುಕೊಂಡು ಬೇ ಅವರ ಡ್ರೈವರು ಕೈ ಹೊರಗೆ ಚಾಚಿ ವಂದನೆ ಹೇಳಿ ಹೋದ.

ಹಿಮ ಮುಗಿಯುವ ತಿರುವಿನಲ್ಲಿ ತನ್ನೂಸ್ ಅವಳನ್ನು ಬ್ರೆಡ್ಡಿನ ವ್ಯಾನಿಗೆ ಹತ್ತಿಸಿದ. ಅವಳು ಆಸ್ಪತ್ರೆ ತಲುಪಿದಾಗ ಹನ್ನೊಂದೂ ಮುಕ್ಕಾಲು.

ಯೋಲಾ ಡಾಕ್ಟರನ್ನು ಬೇಡಿಕೊಂಡು ಹತ್ತು ನಿಮಿಷ ತಡ ಮಾಡಿಸಿದ್ದಳಂತೆ, ಅಮ್ಮ ಬರ್ತಾಳೆ, ಹಿಮ ಇದೆ ಎಂದು. ಹನ್ನೊಂದೂ ಐದಕ್ಕೆ ಬಂದದ್ದು ಗತ್ತಾಸ್. ಬೇ ತಮ್ಮ ಸ್ವಂತ ಗಾಡಿ ಕೊಟ್ಟು ಕಳಿಸಿದರು ಎಂದ. ನಿಮ್ಮಮ್ಮ ಹಟ ಹಿಡಿದು ದಾರಿಯಲ್ಲಿ ಕಾರಿಳಿದು ಹೋದಳು, ಎಷ್ಟು ಕರೆದರೂ ಕೇಳಲಿಲ್ಲ, ಕೈಗೆ ಏನೋ ಸ್ವಲ್ಪ ಪೆಟ್ಟು ಮಾಡಿಕೊಂಡಿದ್ದಾಳೆ, ನೀನು ಯೋಚನೆ ಮಾಡಬೇಡ ನನ್ನ ಕಣ್ಣೇ ಎಂದು ಮಗಳ ಕೈ ಹಿಡಿದುಕೊಂಡ. ಆಪರೇಷನ್ ಕೋಣೆಯ ಬಾಗಿಲಿನವರೆಗೂ ಹಿಡಿದುಕೊಂಡಿದ್ದ. ಮಗು ಹೆಣ್ಣು, ಜೀವಂತ, ಜೋರು ಗಂಟಲು.

ತಮಾಮ್ ಕೋಣೆಗೆ ಬಂದಾಗ ಗತ್ತಾಸ್ ದಾದಿಯರಿಗೆ ಚಾಕಲೇಟು ಹಂಚುತ್ತಿದ್ದ. ಅವಳು ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದಳು, ಹೆತ್ತ ಮೈಗೆ ಅದನ್ನು ತೋರಿಸಬಾರದೆಂದು.

"ಕಾರಿಂದ ಇಳಿದು ಹೋಗಿಬಿಟ್ಟೆಯಂತೆ," ಎಂದಳು ಯೋಲಾ.

"ಹೌದು. ನಿನ್ನ ಹತ್ರ ಬರೋಕೆ."

"ಬಂದಿದ್ದು ಅಪ್ಪ."

ತಮಾಮ್ ಮಗುವಿನತ್ತ ಒಂದು ಹೆಜ್ಜೆ ಇಟ್ಟಳು. ದಾದಿಯೊಬ್ಬಳು ನೆಲ ನೋಡಿ, ಆಮೇಲೆ ಜೇಬು ನೋಡಿ, ಅವಳನ್ನು ಭುಜ ಹಿಡಿದು ಹೊರಗೆ ಕರೆದೊಯ್ದಳು. ಕೆಳಗಿನ ಮಹಡಿಯಲ್ಲಿ ತೋರುಬೆರಳನ್ನು ಬುಡಕ್ಕೆ, ನಡುಬೆರಳನ್ನು ಒಂದು ಗೆಣ್ಣಿಗೆ ತೆಗೆದರು. ಒಂದೂವರೆ ಗಂಟೆ ಮೊದಲೇ ಬಂದಿದ್ದರೆ ನಡುಬೆರಳು ಉಳಿಯುತ್ತಿತ್ತು ಎಂದು ಡಾಕ್ಟರು ಯಾರನ್ನೂ ಬೈಯದ ದನಿಯಲ್ಲಿ ಹೇಳಿದರು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬೇ ಮನೆಯ ಗೇಟಿನೊಳಗೆ ಕಾರು ನಿಲ್ಲದಿದ್ದರೆ ಹತ್ತೂ ಕಾಲಿಗೆ ಅವಳು ಇಲ್ಲಿರುತ್ತಿದ್ದಳು.

ಸಂಜೆ ನಾಲ್ಕಕ್ಕೆ ಮತ್ತೆ ಮಗಳ ಕೋಣೆಗೆ ಹತ್ತಿದಳು. ಗತ್ತಾಸ್, ಮಂತೂರಾ ಇಬ್ಬರೂ ಅಲ್ಲೇ ಇದ್ದರು. ಮಂತೂರಾ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಮೂಗು ಥೇಟು ನಮ್ಮ ಗತ್ತಾಸಂದು ಎನ್ನುತ್ತಿದ್ದಳು. ಯೋಲಾ ತಾಯಿಯ ಕಟ್ಟು ಹಾಕಿದ ಕೈಯನ್ನು ಬಹಳ ಹೊತ್ತು ನೋಡಿದಳು. ಅವಳು ಅದೇ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಹೋಗುವವರೆಗೆ ಚಳಿಗಾಲದ ಬೆಳಿಗ್ಗೆಗಳಲ್ಲಿ ಟಾರ್ಚು ಹಿಡಿದು ತಾಯಿಯ ಪಕ್ಕ ಕೂತವಳು.

"ಬಾಗಿಲು ಮುಚ್ಚಿದ್ದು ಯಾರು?" ಎಂದಳು.

ಗತ್ತಾಸ್ ಚಳಿಯ ಬಗ್ಗೆ ಹೇಳಿದ. ಮಂತೂರಾ ತನ್ನ ಎದೆಯ ಬಗ್ಗೆ ಹೇಳಿದಳು. ಯೋಲಾ ಮಗುವನ್ನು ವಾಪಸು ತೆಗೆದುಕೊಂಡು, ಇಬ್ಬರೂ ಸ್ವಲ್ಪ ಹೊರಗಿರಿ ಎಂದಳು. ಅವಳ ದನಿ ಕೇಳಿ ಅವರು ಎದ್ದು ಹೋದರು. ತಮಾಮ್ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. ಈಗ ಮಗಳು ಅಳುತ್ತಾಳೆ, ಅಪ್ಪಿಕೊಳ್ಳುತ್ತಾಳೆ ಅಂದುಕೊಂಡೆ ಎಂದು ನನಗೆ ಹೇಳಿದಳು. ಅದಕ್ಕೆ ಕಟ್ಟಿನ ಕೈಯನ್ನು ಮೊದಲೇ ಬೆನ್ನ ಹಿಂದೆ ಇಟ್ಟುಕೊಂಡಿದ್ದಳಂತೆ, ನಡುವೆ ಸಿಕ್ಕಬಾರದೆಂದು.

"ನೀನ್ಯಾಕಮ್ಮ ಕೈ ಹಾಕಿದೆ?" ಎಂದಳು ಯೋಲಾ.

"ಬೇಗ ಬರಬೇಕಿತ್ತಲ್ಲ ನಿನ್ನ ಹತ್ರ."

"ನಿನ್ನೆ ಬಸ್ಸಿತ್ತು."

ತಮಾಮ್, ಇನ್ನು ನಲವತ್ತು ದಿನ ನಾನು ಇಲ್ಲೇ ಇರ್ತೀನಿ, ಮಗುವಿನ ಬಟ್ಟೆ, ನಿನ್ನ ಊಟ ಎಲ್ಲ ನೋಡ್ಕೋತೀನಿ, ಎಡಗೈ ಗಟ್ಟಿ ಇದೆ ಎಂದಳು.

"ಬೇಡ."

"ಎಡಗೈಯಲ್ಲೇ ಮಾಡ್ತೀನಿ, ನೋಡ್ತಿರು."

"ಗೊತ್ತು. ಎರಡೂ ಕೈ ಇಲ್ಲದಿದ್ರೂ ಮಾಡ್ತೀಯ. ಅದಕ್ಕೇ ಬೇಡ ಅಂದಿದ್ದು. ಇವಳು ಅದನ್ನ ನೋಡಿ ಬೆಳೀಬಾರದು."

"ನಲವತ್ತು ದಿನದ ಕೂಸಿಗೆ ಏನು ಕಾಣ್ಸುತ್ತೆ?"

"ನಂಗೆ ಕಾಣ್ಸುತ್ತೆ," ಎಂದಳು ಯೋಲಾ.

ಪಕ್ಕದ ಬೀದಿಯ ಹುಡುಗಿಯೊಬ್ಬಳು ಸಹಾಯಕ್ಕೆ ಬರುತ್ತಾಳೆ, ಮಾತಾಡಿಯಾಗಿದೆ ಎಂದೂ ಹೇಳಿದಳು. ಸಿಟ್ಟಿನಿಂದ ಹೇಳಲಿಲ್ಲ. ಯಾವ ಡಬ್ಬಿಯಲ್ಲಿ ಸಕ್ಕರೆ ಇದೆ ಎಂದು ಹೇಳುವವರ ಹಾಗೆ ಹೇಳಿದಳು. ಅಷ್ಟರಲ್ಲಿ ಮಗು ಕಾಲು ಒದ್ದು, ಉಣ್ಣೆಯ ಒಂದು ಕಾಲುಚೀಲ ಅರ್ಧ ಜಾರಿತು. ತಮಾಮ್ ಬಾಗಿ ಅದನ್ನು ಎಡಗೈಯಿಂದ ಮೇಲಕ್ಕೆಳೆಯಲು ನೋಡಿದಳು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಜಾರುತ್ತಿತ್ತು. ಎರಡನೆಯ ಸಲ ಪೂರ್ತಿ ಕಳಚಿ ಹಾಸಿಗೆಯ ಮೇಲೆ ಬಿತ್ತು. ಯೋಲಾ ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಹಲ್ಲು ಕಚ್ಚಿಕೊಂಡು ಮುಂದಕ್ಕೆ ಬಾಗಿ, ಅದನ್ನು ತಾನೇ ತೊಡಿಸಿದಳು. ತಮಾಮ್ ಅವಳು ಮುಗಿಸುವವರೆಗೆ ಕಾದು, ಕುರ್ಚಿಯನ್ನು ಮೊದಲಿದ್ದ ಜಾಗದಲ್ಲಿ ಇಟ್ಟು ಹೊರಗೆ ಬಂದಳು.